ಆಂಡೊಂಗ್‌ನಲ್ಲಿ ಹಿರಿಯರ ಊಟ

ಶನಿವಾರ, ಸುವಾನ್

ಹಿರಿಯರಿಗೆ ಊಟ ಇಡುವ ಚುಸೋಕ್ ಹಬ್ಬದ ರಜೆಯಲ್ಲಿ ಕೊರಿಯಾಕ್ಕೆ ಹೋಗಬೇಡಿ ಅಂತ ಎಲ್ಲರೂ ಹೇಳುತ್ತಾರೆ. ರೈಲಿನ ಟಿಕೆಟ್ ವಾರಗಟ್ಟಲೆ ಮೊದಲೇ ಖಾಲಿಯಾಗಿರುತ್ತದೆ, ಹಬ್ಬದ ದಿನ ಎಷ್ಟೋ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಹೆದ್ದಾರಿಯಲ್ಲಿ ಕಾರುಗಳು ತೆವಳುತ್ತವೆ. ಎಲ್ಲ ನಿಜ. ಆದರೆ ನಾನು ಹೋಗಿದ್ದೇ ಆ ಹಬ್ಬಕ್ಕೆ. ಅಕ್ಕ, ಭಾವ ರಾಜಧಾನಿ ಸಿಯೋಲ್ ಬಳಿಯ ಸುವಾನ್‌ನಲ್ಲಿದ್ದಾರೆ. ಭಾವನ ಜೊತೆ ಕೆಲಸ ಮಾಡುವ ಗೆಳೆಯರೊಬ್ಬರು 2024ರ ಚುಸೋಕ್‌ಗೆ ಆಂಡೊಂಗ್ ಬಳಿಯ ತಮ್ಮ ಹಳ್ಳಿಗೆ ನಮ್ಮೆಲ್ಲರನ್ನೂ ಕರೆದಿದ್ದರು. ಕಾರು ಅವರದ್ದು, ಮನೆ ಅವರದ್ದು. ನಮ್ಮ ಪಾಲಿಗೆ ಬಂದಿದ್ದು ಹಬ್ಬದ ಸಾಮಾನು ತರುವ ಕೆಲಸ.

ಚುಸೋಕ್ ಬರುವುದು ಅವರ ಪಂಚಾಂಗದ ಎಂಟನೇ ತಿಂಗಳ ಹುಣ್ಣಿಮೆಗೆ. ಆ ವರ್ಷ ಸೆಪ್ಟೆಂಬರ್ 17. ನಮ್ಮ ಲೆಕ್ಕದಲ್ಲಿ ಅದು ಭಾದ್ರಪದ ಹುಣ್ಣಿಮೆ. ಅವರು ಹಿರಿಯರಿಗೆ ಊಟ ಇಟ್ಟು ಮುಗಿಸುವ ಹೊತ್ತಿಗೆ ನಮ್ಮಲ್ಲಿ ಪಿತೃಪಕ್ಷ ಶುರು. "ಊರಲ್ಲಿ ಅಮ್ಮ ಈಗ ಎಡೆಗೆ ಏನೇನು ಮಾಡೋದು ಅಂತ ಲೆಕ್ಕ ಹಾಕ್ತಿರ್ತಾಳೆ, ನಾವಿಲ್ಲಿ ಬೇರೆಯವರ ಹಿರಿಯರಿಗೆ ಸಾಮಾನು ತರ್ತಿದ್ದೀವಿ" ಅಂದಳು ಅಕ್ಕ.

ಸುವಾನ್ ಕೋಟೆಯ ದಕ್ಷಿಣದ ಬಾಗಿಲು ಪಾಲ್ದಲ್‌ಮುನ್. ಅದರ ಪಕ್ಕದಲ್ಲೇ ಹಳೆಯ ಮಾರ್ಕೆಟ್‌ಗಳು ಒಂದಕ್ಕೊಂದು ಅಂಟಿಕೊಂಡಿವೆ. ನಾವು ಮೋಟ್‌ಗೋಲ್ ಮಾರ್ಕೆಟ್‌ಗೆ ನುಗ್ಗಿದೆವು. ನುಗ್ಗಿದೆವು ಅನ್ನುವುದೇ ಸರಿ, ನಡೆಯಲು ಜಾಗ ಇರಲಿಲ್ಲ. ಸೆಪ್ಟೆಂಬರ್ ಮಧ್ಯಕ್ಕೆ ಬಂದರೂ ಬಿಸಿಲು ಮೂವತ್ತು ಡಿಗ್ರಿ ದಾಟಿತ್ತು. ಮೀನಿನಂಗಡಿಯವರು ಐಸ್ ಸುರಿಯುತ್ತಲೇ ಇದ್ದರು, ಅದು ಕರಗಿ ನಮ್ಮ ಚಪ್ಪಲಿ ಒದ್ದೆ ಮಾಡುತ್ತಲೇ ಇತ್ತು.

ಚೀಟಿಯನ್ನು ಗೆಳೆಯರ ಅಮ್ಮ ಫೋನಿನಲ್ಲಿ ಫೋಟೋ ತೆಗೆದು ಕಳಿಸಿದ್ದರು. ದೊಡ್ಡ ಪೇರ್ ಹಣ್ಣು, ಸೇಬು, ಒಣಗಿಸಿದ ಪರ್ಸಿಮನ್, ಚೆಸ್ಟ್‌ನಟ್, ಖರ್ಜೂರದ ಹಾಗೆ ಒಣಗಿಸಿದ ಕೆಂಪು ಜೂಜುಬೆ. ಈ ಹಣ್ಣುಗಳಿಲ್ಲದೆ ಹಿರಿಯರಿಗೆ ಊಟ ಇಡುವ ಮೇಜು ಪೂರ್ತಿಯಾಗುವುದಿಲ್ಲ. ಆಮೇಲೆ ಕಣ್ಣು, ಬಾಲ ಎಲ್ಲ ಇರುವ ಒಣ ಪೊಲಾಕ್ ಮೀನು. ಸಕ್ಕರೆಯ ಓಕ್‌ಚುನ್‌ದಾಂಗ್, ಅಂದರೆ ಕೆಂಪು ಬಿಳಿ ಸುರುಳಿಯ ಮಿಠಾಯಿ ಬಿಲ್ಲೆಗಳು. ಅದನ್ನು ಬದುಕಿರುವವರು ಯಾರೂ ಇಷ್ಟಪಟ್ಟು ತಿನ್ನುವುದನ್ನು ನಾನು ನೋಡಲಿಲ್ಲ, ಆದರೂ ಪ್ರತಿ ಅಂಗಡಿಯಲ್ಲೂ ರಾಶಿ ಇತ್ತು.

ಚೀಟಿಯಲ್ಲಿ ಇಲ್ಲದ್ದೂ ಮುಖ್ಯ. ಪೀಚ್ ಹಣ್ಣು ಪಕ್ಕದಲ್ಲೇ ಘಮ್ಮಂತ ಇತ್ತು, ಆದರೆ ಅದನ್ನು ಹಿರಿಯರ ಮೇಜಿಗೆ ತರುವ ಹಾಗಿಲ್ಲ. ಪೀಚ್ ಕಂಡರೆ ಆತ್ಮಗಳು ಓಡಿಹೋಗುತ್ತವೆ ಅನ್ನುವ ನಂಬಿಕೆ. ಕೆಲವು ಜಾತಿಯ ಮೀನೂ ಬೇಡ. ಬೆಳ್ಳುಳ್ಳಿ, ಮೆಣಸಿನಪುಡಿ ಅಡುಗೆಯಲ್ಲಿ ಇರಬಾರದು. ಎಲ್ಲದಕ್ಕೂ ಬೆಳ್ಳುಳ್ಳಿ, ಖಾರದಪುಡಿ ಸುರಿಯುವ ದೇಶದಲ್ಲಿ ಸತ್ತವರಿಗೆ ಮಾತ್ರ ಸಪ್ಪೆ ಊಟ.

ಸೊಪ್ಪಿನ ಅಂಗಡಿಯಲ್ಲಿ ಗಲಾಟೆ. ಆ ಬೇಸಿಗೆಯ ಬಿಸಿಲಿಗೆ ಪಾಲಕ್ ಬೆಲೆ ವಿಪರೀತ ಏರಿತ್ತು. ಮೇಜಿಗೆ ಮೂರು ಬಣ್ಣದ ಪಲ್ಯ ಬೇಕು: ಬಿಳಿಗೆ ದೋರಾಜಿ ಅನ್ನುವ ಬೇರು, ಕಂದಿಗೆ ಗೊಸಾರಿ ಅನ್ನುವ ಜರೀಗಿಡದ ಚಿಗುರು, ಹಸಿರಿಗೆ ಪಾಲಕ್. ಒಬ್ಬ ಹೆಂಗಸು ಪಾಲಕ್ ಕಟ್ಟನ್ನು ಎತ್ತಿ, ಬೆಲೆ ಕೇಳಿ, ಇಟ್ಟು, ಮತ್ತೆ ಎತ್ತಿದಳು. ಅಂಗಡಿಯವಳು ಏನೋ ಅಂದಳು, ಸುತ್ತ ಇದ್ದವರೆಲ್ಲ ನಕ್ಕರು. ಭಾವ ಅರ್ಥ ಹೇಳಿದರು: "ನಿಮ್ಮ ಮಾವನವರಿಗೆ ಕಣ್ಣು ಸರಿ ಕಾಣದಿದ್ರೆ ಸೌತೆಕಾಯಿ ಇಡಿ, ಅದೂ ಹಸಿರೇ."

ಚೀಟಿಯ ಕೊನೆಯ ಸಾಲು ಕಾಫಿ. ಸಕ್ಕರೆ, ಹಾಲಿನ ಪುಡಿ ಎಲ್ಲ ಒಟ್ಟಿಗೆ ಬೆರೆತ, ಹಳದಿ ಬಣ್ಣದ ಉದ್ದನೆ ಪ್ಯಾಕೆಟ್‌ನ ಕಾಫಿ. ಬಂದವರಿಗೆ ಕೊಡಲು ಇರಬಹುದು ಅಂತ ದೊಡ್ಡ ಡಬ್ಬಿಯೇ ತೆಗೆದುಕೊಂಡೆವು.

ಭಾನುವಾರ, ಹೆದ್ದಾರಿ

ಸುವಾನ್‌ನಿಂದ ಆಂಡೊಂಗ್‌ಗೆ ಬೇರೆ ದಿನಗಳಲ್ಲಾದರೆ ಎರಡೂವರೆ, ಮೂರು ಗಂಟೆ. ನಾವು ಬೆಳಗ್ಗೆ ಹೊರಟವರು ಸೇರಿದ್ದು ಬೆಳಕು ಆರುವ ಹೊತ್ತಿಗೆ. ದೇಶಕ್ಕೆ ದೇಶವೇ ಅವರವರ ಅಪ್ಪನ ಊರಿಗೆ ಹೊರಟಿರುತ್ತದೆ. ಒಂದು ಸಮಾಧಾನ ಅಂದರೆ ಹಬ್ಬದ ಆ ನಾಲ್ಕು ದಿನ ಹೆದ್ದಾರಿಗೆ ಟೋಲ್ ಇಲ್ಲ. ಗೇಟು ದಾಟುವಾಗ ಯಂತ್ರ ಸೊನ್ನೆ ವೊನ್ ಅಂತ ತೋರಿಸಿತು. "ಆರು ಗಂಟೆ ಕೂರಿಸ್ತಾರೆ, ಅದಕ್ಕೆ ಬಾಡಿಗೆ ಬೇರೆ ಕೊಡಬೇಕಾ?" ಅಂದರು ಗೆಳೆಯರು.

ಗೆಳೆಯರ ಹೆಂಡತಿ ಮುಂದಿನ ಸೀಟಿನಲ್ಲಿ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಅವರಿಗೆ ಹಬ್ಬ ಅಂದರೆ ಎಷ್ಟು ಖುಷಿ ಅಂತ ಸುಮ್ನೆ ಮಾತಿಗೆ ಕೇಳಿದೆ. ಕನ್ನಡಿಯಲ್ಲಿ ಗಂಡನ ಮುಖ ನೋಡಿ ನಕ್ಕರು. ಹಬ್ಬ ಮುಗಿದ ಮೇಲೆ ಸೊಸೆಯಂದಿರಿಗೆ ಬರುವ ಸೊಂಟನೋವು, ತಲೆನೋವು, ಸಿಟ್ಟು ಎಲ್ಲಕ್ಕೂ ಸೇರಿಸಿ ಅಲ್ಲಿ ಒಂದು ಹೆಸರೇ ಇದೆಯಂತೆ, ಹಬ್ಬದ ಕಾಯಿಲೆ ಅಂತ. "ಸತ್ತಿರೋದು ಇವರ ಅಜ್ಜ, ಮುತ್ತಜ್ಜ. ಅವರನ್ನ ನಾನು ನೋಡೇ ಇಲ್ಲ. ಅಡುಗೆ ಮಾಡೋದು ಮಾತ್ರ ನಾನು." ಗೆಳೆಯರು ಮಾತಾಡಲಿಲ್ಲ, ಲೇನ್ ಬದಲಾಯಿಸಿದರು. ಅದರಿಂದ ಏನೂ ಪ್ರಯೋಜನವಾಗಲಿಲ್ಲ, ಎಲ್ಲ ಲೇನೂ ನಿಂತಿತ್ತು.

ಒಂದು ರೆಸ್ಟ್ ಏರಿಯಾದಲ್ಲಿ ಅಕ್ರೋಟು ಇಟ್ಟ ಬಿಸಿ ಕೇಕ್ ಉಂಡೆ, ಬೆಣ್ಣೆಯಲ್ಲಿ ಹುರಿದ ಪುಟ್ಟ ಆಲೂಗಡ್ಡೆ ಸಿಕ್ಕಿತು. ಸಸ್ಯಾಹಾರಿಗಳಿಗೆ ಈ ಎರಡು ನೆನಪಿರಲಿ, ಕೊರಿಯಾದ ಹೆದ್ದಾರಿಯಲ್ಲಿ ಇವೇ ಪ್ರಾಣ ಉಳಿಸುತ್ತವೆ. ಹೆಂಗಸರ ಟಾಯ್ಲೆಟ್ ಸಾಲು ಪಾರ್ಕಿಂಗ್‌ವರೆಗೂ ಬಂದಿತ್ತು. ಅದರಲ್ಲಿ ನಿಂತಿದ್ದಾಗ ಕಾರಿನ ಡಿಕ್ಕಿಯಲ್ಲಿದ್ದ ಪೇರ್ ಹಣ್ಣಿನ ಪೆಟ್ಟಿಗೆ ಜರುಗಿ ತೆರೆದುಕೊಂಡು, ಬಾಗಿಲು ಎತ್ತಿದ ಕೂಡಲೇ ಹಣ್ಣುಗಳು ಉರುಳಿಹೋದವು. ಭಾವ, ಗೆಳೆಯರು ಇಬ್ಬರೂ ಬಗ್ಗಿ ಬಗ್ಗಿ ಬಸ್ಸಿನ ಕೆಳಗೆಲ್ಲ ಹುಡುಕಿದರು. ಗಾಯವಾದ ಹಣ್ಣು ಮೇಜಿಗೆ ಬರುವುದಿಲ್ಲ. ಆದ್ದರಿಂದ ಎರಡನ್ನು ಅಲ್ಲೇ ತೊಳೆದು ನಾವೇ ತಿಂದೆವು. ಹಲ್ಲು ತಾಗಿದರೆ ರಸ ಮೊಣಕೈವರೆಗೆ ಇಳಿಯುವಂಥ ಹಣ್ಣು.

ವೊಂಜು ದಾಟಿದ ಮೇಲೆ ಗುಡ್ಡಗಳು ಹತ್ತಿರ ಬಂದವು. ಸೋಬೆಕ್ ಬೆಟ್ಟದ ಕೆಳಗೆ ಜುಂಗ್ನ್ಯೊಂಗ್ ಸುರಂಗ 4.6 ಕಿ.ಮೀ. ಉದ್ದ. ಅದರಿಂದ ಆಚೆ ಬಂದರೆ ಬೇರೆಯೇ ನಾಡು. ರಸ್ತೆ ಪಕ್ಕ ಸೇಬಿನ ತೋಟ, ಬಣ್ಣ ತಿರುಗುತ್ತಿದ್ದ ಗದ್ದೆ. ಹಳ್ಳಿ ರಸ್ತೆಗೆ ಇಳಿದಾಗ ಅರ್ಧ ಟಾರಿನ ಮೇಲೆ ಪ್ಲಾಸ್ಟಿಕ್ ಹಾಸಿ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಕಾರುಗಳು ಅದನ್ನು ಸುತ್ತಿಕೊಂಡು ಹೋಗುತ್ತಿದ್ದವು, ಯಾರೂ ಹಾರ್ನ್ ಮಾಡಲಿಲ್ಲ.

ಗೆಳೆಯರ ಅಮ್ಮ, ಅಂದರೆ ಮನೆಯ ಅಜ್ಜಿ, ಅಂಗಳದಲ್ಲೇ ನಿಂತಿದ್ದರು. ನಮ್ಮಿಂದ ನಮಸ್ಕಾರ ಮಾಡಿಸಿಕೊಳ್ಳುವ ಮೊದಲೇ ಪೇರ್ ಪೆಟ್ಟಿಗೆ ಬಿಚ್ಚಿ ಎಣಿಸಿದರು. ಅವರು ಕೇಳಿದ ಮೊದಲ ಪ್ರಶ್ನೆ, "ಎರಡು ಎಲ್ಲಿ?"

ಸೋಮವಾರ, ಹಳ್ಳಿಮನೆ

ಬೆಳಗ್ಗೆ ಎಂಟಕ್ಕೆ ಹಾಲ್‌ನಲ್ಲಿ ಹಳೆ ಪೇಪರ್ ಹಾಸಿ, ಎರಡು ಕರೆಂಟಿನ ಕಾವಲಿ ಇಟ್ಟಾಯಿತು. ಇಡೀ ದಿನ ಜೊನ್ ಕರಿಯುವ ಕೆಲಸ. ಜೊನ್ ಅಂದರೆ ಹಿಟ್ಟು, ಮೊಟ್ಟೆ ಹಚ್ಚಿ ಎಣ್ಣೆಯಲ್ಲಿ ಬೇಯಿಸುವ ತಿಂಡಿ. ಮೀನಿನದು, ಮಾಂಸದುಂಡೆಯದು, ಸಿಹಿಗೆಣಸಿನ ಬಿಲ್ಲೆಯದು, ಕುಂಬಳದ ಎಳೆಕಾಯಿಯದು. ಅಕ್ಕ ಸಸ್ಯಾಹಾರಿ ಅಂತ ತಿಳಿದ ಅಜ್ಜಿ ಅವಳನ್ನು ಬೇರೆ ಕಾವಲಿಗೆ ಕೂರಿಸಿದರು, ಕೋಸಿನ ಜೊನ್ ಮಾಡಲು.

ಇದು ಆಂಡೊಂಗ್ ಕಡೆಯ ಅಡುಗೆ. ಉದ್ದ ಕೋಸಿನ ಎಲೆಯನ್ನು ಇಡಿಯಾಗಿ ಬಿಡಿಸಬೇಕು. ಬುಡದ ದಪ್ಪ ದಂಟು ಕಾವಲಿಗೆ ಕೂರುವುದಿಲ್ಲ, ಅದಕ್ಕೆ ಚಾಕುವಿನ ಹಿಡಿಯಿಂದ ಟಪ ಟಪ ಬಡಿದು ಬಗ್ಗಿಸುತ್ತಾರೆ. ತೆಳು ಗೋಧಿ ಹಿಟ್ಟಿನಲ್ಲಿ ಅದ್ದಿ, ತಲೆ ಬುಡ ಅದಲು ಬದಲಾಗಿ ಎರಡು ಎಲೆ ಇಟ್ಟು, ಮೇಲೆ ಒಂದು ಚಮಚ ಹಿಟ್ಟು ಸುರಿದು ಸಂದು ಮುಚ್ಚುತ್ತಾರೆ. ಅಂಚು ಕಂದಾಗಬಾರದು. ಅಕ್ಕನ ಮೊದಲ ಎರಡು ಕಂದಾದವು. ಅಜ್ಜಿ ಅವನ್ನು ತೆಗೆದು "ಇದು ಬದುಕಿರೋರಿಗೆ" ಅಂತ ಬೇರೆ ತಟ್ಟೆಗೆ ಹಾಕಿದರು. ಹತ್ತು ಗಂಟೆಗೆ ಆ ತಟ್ಟೆ ಖಾಲಿ. ಕೋಸಿನ ಸಿಹಿ, ಸ್ವಲ್ಪ ಸೋಯಾ ಸಾಸ್, ಅಷ್ಟೇ. ಕೊರಿಯಾದಲ್ಲಿ ನಾನು ತಿಂದದ್ದರಲ್ಲಿ ಇದಕ್ಕೇ ಮೊದಲ ಮಾರ್ಕು.

ಗಂಡಸರು ಜಗಲಿಯಲ್ಲಿ ಚೆಸ್ಟ್‌ನಟ್ ಸುಲಿಯುತ್ತಿದ್ದರು. ಅದು ಅವರ ಕೆಲಸ ಅಂತ ಲಾಗಾಯ್ತಿನಿಂದ ಇದೆಯಂತೆ. ಹೊರಗಿನ ಸಿಪ್ಪೆ ತೆಗೆದು, ಒಳಗಿನ ತೆಳು ಸಿಪ್ಪೆಯನ್ನು ಚಾಕುವಿನಿಂದ ಕೆತ್ತಿ, ಮೇಲೆ ಕೆಳಗೆ ಚಪ್ಪಟೆ ಮಾಡಿ, ಸುತ್ತಲೂ ಪಟ್ಟಿ ಪಟ್ಟಿಯಾಗಿ ಅಂಚು ಬರಿಸಬೇಕು. ಪೇರಿಸಿದರೆ ಬೀಳಬಾರದು. ಗೆಳೆಯರು ಒಂದಕ್ಕೆ ಐದು ನಿಮಿಷ ತೆಗೆದುಕೊಂಡರು. ಭಾವನ ಕೈಯಲ್ಲಿ ಒಂದು ಚೆಸ್ಟ್‌ನಟ್ ಬಟಾಣಿ ಗಾತ್ರಕ್ಕೆ ಇಳಿಯಿತು.

ಊಟದ ಹೊತ್ತಿಗೆ ಸೊಸೆಯೇ ಮಾತು ತೆಗೆದರು. 2022ರಲ್ಲಿ ಸುಂಗ್‌ಕ್ಯುನ್‌ಕ್ವಾನ್‌ನವರು, ಅಂದರೆ ಕನ್ಫ್ಯೂಷಿಯಸ್ ಪದ್ಧತಿಯ ದೊಡ್ಡ ಪೀಠದವರು, ಚುಸೋಕ್ ಮೇಜು ಹೀಗಿದ್ದರೆ ಸಾಕು ಅಂತ ಪ್ರಕಟಣೆ ಕೊಟ್ಟರು. ಸೊಂಗ್‌ಪ್ಯೊನ್ ಅನ್ನುವ ಅಕ್ಕಿ ಕಡುಬು, ಪಲ್ಯ, ಸುಟ್ಟ ಮಾಂಸ, ಹುಳಿಸಿದ ತರಕಾರಿಯ ಕಿಮ್ಚಿ, ಹಣ್ಣು, ಮದ್ಯ ಇದ್ದರೆ ಆಯಿತು. ಎಣ್ಣೆಯಲ್ಲಿ ಕರಿದದ್ದು ಬೇಕಾಗಿಲ್ಲ. ಕೆಂಪು ಹಣ್ಣು ಪೂರ್ವಕ್ಕೆ, ಬಿಳಿ ಹಣ್ಣು ಪಶ್ಚಿಮಕ್ಕೆ ಅನ್ನುವ ನಿಯಮ ಹಳೆಯ ಗ್ರಂಥಗಳಲ್ಲೇ ಇಲ್ಲ ಅಂತಲೂ ಹೇಳಿದರು. "ಕೇಳಿದ್ರಾ? ಜೊನ್ ಬೇಡ ಅಂತ ಅವರೇ ಹೇಳಿದಾರೆ" ಅಂತ ಸೊಸೆ ಅತ್ತೆಗೆ ಕೇಳುವಂತೆ ಹೇಳಿದರು. ಅಜ್ಜಿ ಕಾವಲಿಯಿಂದ ಮುಖ ಎತ್ತಲಿಲ್ಲ. "ಅವರ ಮನೇಲಿ ಬೇಡ. ನಮ್ಮ ಮನೆಯವರು ಕೇಳ್ತಿದ್ರು."

ನನಗೆ ಸೊಸೆಯ ಮಾತು ಸರಿ ಅನ್ನಿಸಿತು. ಕಾವಲಿ ಮುಂದೆ ಮೂರು ಗಂಟೆ ಕೂತು ಎದ್ದವರಿಗೆ ಬೇರೆ ಅನ್ನಿಸುವುದು ಕಷ್ಟ. ಕಾನೂನೂ ಬದಲಾಗುತ್ತಿದೆ. 2023ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮಕ್ಕಳು ತಮ್ಮತಮ್ಮಲ್ಲಿ ಒಪ್ಪದಿದ್ದರೆ ಹಿರಿಯರ ಕರ್ಮದ ಹೊಣೆ ಗಂಡು ಹೆಣ್ಣು ಅನ್ನದೆ ಸಂತಾನದಲ್ಲಿ ಹಿರಿಯರಿಗೆ ಮೊದಲು ಸೇರಬೇಕು ಅಂತ ತೀರ್ಪು ಕೊಟ್ಟಿತು. ಅದಕ್ಕೆ ಮುಂಚೆ ಹಿರಿಯ ಮಗನಿಗೇ ಮೊದಲ ಹಕ್ಕು. ಕೋರ್ಟು ಹೊಣೆ ಹಂಚಿತು, ಕಾವಲಿ ಹಂಚುವುದು ಮನೆಯವರಿಗೇ ಬಿಟ್ಟಿದ್ದು ಅಂದರು ಸೊಸೆ. ಮಧ್ಯಾಹ್ನದಿಂದ ಒಂದು ಕಾವಲಿ ಗೆಳೆಯರ ಕೈಗೆ ಬಂತು. ಚೆನ್ನಾಗಿಯೇ ಕರಿದರು.

ಸಂಜೆ ಸೊಂಗ್‌ಪ್ಯೊನ್. ಅಕ್ಕಿ ಹಿಟ್ಟನ್ನು ಬಿಸಿ ನೀರಲ್ಲಿ ಕಲಸಿ, ಎಳ್ಳು ಸಕ್ಕರೆಯ ಹೂರಣ ತುಂಬಿ, ಅರ್ಧಚಂದ್ರದ ಆಕಾರಕ್ಕೆ ಮಡಚಿ, ಹಬೆಯ ಪಾತ್ರೆಯಲ್ಲಿ ಪೈನ್ ಮರದ ಸೂಜಿ ಎಲೆ ಹಾಸಿ ಅದರ ಮೇಲೆ ಬೇಯಿಸುತ್ತಾರೆ. ಮುಚ್ಚಳ ತೆಗೆದಾಗ ಕಾಡಿನ ವಾಸನೆ. ಚಂದದ ಸೊಂಗ್‌ಪ್ಯೊನ್ ಮಾಡುವವರಿಗೆ ಚಂದದ ಮಗಳು ಹುಟ್ಟುತ್ತಾಳೆ ಅಂತ ಗಾದೆ. ನಾನು ಮಾಡಿದ್ದನ್ನು ನೋಡಿ ಅಜ್ಜಿ, ಮಗ ಹುಟ್ಟಲಿ ಬಿಡು ಅಂದರು.

ನಡುವೆ ಒಂದೆರಡು ಗಂಟೆ ಬಿಡುವು ಮಾಡಿಕೊಂಡು ಹಾಹ್ವೆ ಹಳ್ಳಿ ನೋಡಿ ಬಂದೆವು. ನಕ್‌ದೊಂಗ್ ನದಿ ಊರನ್ನು ಸುತ್ತು ಹಾಕಿ ಹರಿಯುತ್ತದೆ. 2010ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. 1999ರಲ್ಲಿ ಬ್ರಿಟನ್ನಿನ ರಾಣಿ ಎಲಿಜಬೆತ್ ತಮ್ಮ 73ನೇ ಹುಟ್ಟುಹಬ್ಬದ ದಿನ ಇಲ್ಲಿಗೆ ಬಂದಿದ್ದರು. ಜಪಾನಿನ ದಾಳಿಯ ಕಾಲದ ಪ್ರಧಾನಿ ಯು ಸೊಂಗ್‌ರ್ಯೊಂಗ್ (1542–1607) ಅವರ ವಂಶದ ಮನೆ ಇಲ್ಲಿದೆ. ಅಂಥ ದೊಡ್ಡವರ ತಿಥಿ ತಲೆಮಾರು ಎಷ್ಟಾದರೂ ನಿಲ್ಲುವುದಿಲ್ಲ. ಅವರಿಗೆ ಗೋಧಿಹಿಟ್ಟು, ಜೇನು ಸೇರಿಸಿ ಕರಿದ ಒಂದು ಸಿಹಿ ಇಷ್ಟವಾಗಿತ್ತೆಂದು ಅದನ್ನೇ ಇಡುತ್ತಾರೆ. ಇದೇ ಆಂಡೊಂಗ್‌ನ ಇನ್ನೊಬ್ಬ ಪಂಡಿತ, ಸಾವಿರ ವೊನ್ ನೋಟಿನ ಮೇಲಿರುವ ತ್ವೆಗ್ಯೆ ಯಿ ಹ್ವಾಂಗ್ (1501–1570), ಸಾಯುವ ಮುಂಚೆ ನನಗೆ ಜೇನಿನ ಕರಿದ ತಿಂಡಿ ಇಡಬೇಡಿ ಅಂತ ಹೇಳಿಹೋದರು. ಅವರ ಮನೆಯವರು ಇವತ್ತಿಗೂ ಇಡುವುದಿಲ್ಲ, ನಡುರಾತ್ರಿ ನಡೆಯುತ್ತಿದ್ದ ತಿಥಿಯನ್ನೂ ಸಂಜೆಗೆ ತಂದುಕೊಂಡಿದ್ದಾರೆ. ಒಂದೇ ಊರು, ಒಂದೇ ಶಾಸ್ತ್ರ. ಒಬ್ಬರ ತಟ್ಟೆಯನ್ನು ತೀರ್ಮಾನಿಸಿದ್ದು ಬಾಯಿರುಚಿ, ಇನ್ನೊಬ್ಬರದನ್ನು ದುಂದು ಬೇಡ ಅನ್ನುವ ಮಾತು. ಇಲ್ಲಿನ ಕೆಲವು ಹಳೆಯ ವಂಶಗಳು ಚುಸೋಕ್ ದಿನ ಮೇಜನ್ನೇ ಇಡುವುದಿಲ್ಲ, ಹೊಸ ಅಕ್ಕಿ ಇನ್ನೂ ಬಂದಿರುವುದಿಲ್ಲ ಅಂತ ಒಂಬತ್ತನೇ ತಿಂಗಳ ಒಂಬತ್ತಕ್ಕೆ ಕಾಯುತ್ತಾರೆ.

ಮಂಗಳವಾರ, ಹಬ್ಬ

ಏಳು ಗಂಟೆಗೆ ಹಾಲ್ ಗುರುತೇ ಸಿಗಲಿಲ್ಲ. ಎಣ್ಣೆ ಪೇಪರ್ ಎಲ್ಲ ಹೋಗಿ, ಗೋಡೆಗೆ ಮಡಿಸುವ ಪರದೆ ಬಂದಿತ್ತು. ಮುಂದೆ ಉದ್ದ ಮೇಜು. ಹತ್ತಿರದ ಸಾಲಲ್ಲಿ ಹಣ್ಣು, ಮಿಠಾಯಿ. ಆಮೇಲೆ ಪಲ್ಯಗಳು, ಸಾರು, ಜೊನ್, ಮೀನು, ಮಾಂಸ. ಪರದೆಗೆ ಅಂಟಿದಂತೆ ಸೊಂಗ್‌ಪ್ಯೊನ್, ಮದ್ಯದ ಬಟ್ಟಲು, ಚಮಚ, ಊಟದ ಕಡ್ಡಿ. ಮಿಕ್ಕ ತಿಥಿಗಳಲ್ಲಿ ಅನ್ನ ಇಡುವ ಜಾಗಕ್ಕೆ ಇವತ್ತು ಸೊಂಗ್‌ಪ್ಯೊನ್. ಸೇಬು, ಪೇರ್‌ನ ತಲೆ ಮಾತ್ರ ಕತ್ತರಿಸಿದ್ದರು, ಬಂದವರಿಗೆ ತಿನ್ನಲು ಅನುಕೂಲವಾಗಲಿ ಅಂತ. ಒಂದು ತಟ್ಟೆಯಲ್ಲಿ ಇಡೀ ಆಕ್ಟೋಪಸ್ ಕಾಲುಗಳನ್ನು ಸುರುಳಿ ಮಾಡಿಕೊಂಡು ಕೂತಿತ್ತು. ಆಂಡೊಂಗ್‌ನಲ್ಲಿ ಅದಿಲ್ಲದ ಮೇಜು ಮೇಜೇ ಅಲ್ಲ.

ಮನೆಬಾಗಿಲು ತೆರೆದಿಟ್ಟರು. ಗೆಳೆಯರು ಊದುಕಡ್ಡಿ ಹಚ್ಚಿ, ಮದ್ಯವನ್ನು ಮೂರು ಸಲ ಸ್ವಲ್ಪ ಸ್ವಲ್ಪ ಸುರಿದರು. ಹಿರಿಯರ ಹೆಸರು ಬರೆದ ಕಾಗದಕ್ಕೆ ಎಲ್ಲರೂ ಎರಡೆರಡು ಸಲ ಅಡ್ಡಬಿದ್ದರು. ಬದುಕಿರುವವರಿಗೆ ಒಂದು ನಮಸ್ಕಾರ, ಸತ್ತವರಿಗೆ ಎರಡು. ನಾವು ಹಿಂದೆ ನಿಂತು ಅವರು ಮಾಡಿದಂತೆ ಮಾಡಿದೆವು. ಗೆಳೆಯರ ಚಿಕ್ಕ ಮಗ ನಡುವೆ ಕೆಳಗೆ ಬಗ್ಗಿದವನು ಏಳಲೇ ಇಲ್ಲ, ನಿದ್ದೆ ಹೋಗಿದ್ದ.

ಊಟದ ಕಡ್ಡಿಗಳನ್ನು ಒಂದು ತಿಂಡಿಯಿಂದ ಇನ್ನೊಂದಕ್ಕೆ ಸರಿಸಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ನಿಂತರು, ಅವರು ತಿನ್ನಲಿ ಅಂತ. ಆಗ ಅಜ್ಜಿ ಅಡುಗೆಮನೆಯಿಂದ ಬಂದರು. ಕೈಯಲ್ಲಿ ಪುಟ್ಟ ಕಾಗದದ ಲೋಟ, ಆಫೀಸಿನ ಯಂತ್ರದಲ್ಲಿ ಬರುವಂಥದ್ದು. ಅದರಲ್ಲಿ ಹಳದಿ ಪ್ಯಾಕೆಟ್‌ನ ಕಾಫಿ. ನೀರು ಹಾಕಿ ಅದೇ ಖಾಲಿ ಪ್ಯಾಕೆಟ್ ಮಡಚಿ ಕಲಕಿದ್ದರು, ಚಮಚದಲ್ಲಿ ಅಲ್ಲ. ಸಾಲುಗಳ ಲೆಕ್ಕ ಇಲ್ಲ, ಪೂರ್ವ ಪಶ್ಚಿಮ ಇಲ್ಲ. ಮದ್ಯದ ಬಟ್ಟಲನ್ನು ಒಂದು ಬೆರಳು ಸರಿಸಿ ಪಕ್ಕಕ್ಕೆ ಇಟ್ಟರು. ಗೆಳೆಯರ ಅಪ್ಪ ತೀರಿಕೊಂಡು ಮೂರು ವರ್ಷ. ಹೊಲದಿಂದ ಬಂದವರು ಕಾಫಿ ಕುಡಿಯದೆ ಕಾಲು ತೊಳೆಯುತ್ತಿರಲಿಲ್ಲವಂತೆ. ಡಾಕ್ಟರು ಸಕ್ಕರೆ ಬೇಡ ಅಂದಮೇಲೆ ಅಜ್ಜಿಯೇ ಡಬ್ಬಿ ಬಚ್ಚಿಟ್ಟಿದ್ದರಂತೆ. "ಈಗ ಕುಡೀಲಿ, ಈಗೇನಾಗತ್ತೆ."

ಇದನ್ನು ಶಾಸ್ತ್ರದವರು ಒಪ್ಪುತ್ತಾರಾ ಅಂತ ಭಾವ ಕೇಳಿದರು. ಸೊಸೆ ನಕ್ಕರು. "ಶಾಸ್ತ್ರ ಎಲ್ಲ ಮುತ್ತಜ್ಜನ ಕಡೆಗೆ. ಮಾವನ ಕಡೆಗೆ ಕಾಫಿ." ಅಕ್ಕ ಆಗ ಚನ್ನರಾಯಪಟ್ಟಣದ ನಮ್ಮ ಮನೆಯ ಕಥೆ ಹೇಳಿದಳು. ಎಡೆಯಲ್ಲಿ ಅಜ್ಜನಿಗೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ಇಡುತ್ತೇವೆ. ಪಕ್ಕದ ಮನೆಯವರು ಬಾಡೂಟದ ಜೊತೆ ಕ್ವಾರ್ಟರ್ ಬಾಟಲಿ ಇಡುತ್ತಾರೆ. ಅಜ್ಜಿಗೆ ಗೆಳೆಯರು ಅರ್ಥ ಮಾಡಿಸಿದರು. ಬೆಂಕಿಪೊಟ್ಟಣ ಇಡೋದು ಒಳ್ಳೆ ಯೋಚನೆ ಅಂದರು ಅಜ್ಜಿ, ಅಲ್ಲಿ ಎಲ್ಲಿ ಸಿಗತ್ತೆ?

ಹೆಸರಿನ ಕಾಗದವನ್ನು ಸುಟ್ಟರು. ಆಮೇಲೆ ಉಮ್‌ಬೋಕ್, ಮೇಜಿನ ಮೇಲಿದ್ದ ಮದ್ಯ, ಊಟ ಬದುಕಿರುವವರಿಗೆ. ತಣ್ಣಗಾದ ಜೊನ್, ಸಪ್ಪೆ ಪಲ್ಯ. ಅಜ್ಜಿಯ ತಟ್ಟೆ ಪಕ್ಕ ಮಾತ್ರ ಕೆಂಪಗೆ ಕಿಮ್ಚಿ. ಬೆಳ್ಳುಳ್ಳಿ ತಿನ್ನದವರು ಈ ಊಟ ಧೈರ್ಯವಾಗಿ ಮಾಡಬಹುದು, ಆದರೆ ಸಾರಿನಲ್ಲಿ ದನದ ಮಾಂಸ ಇರುತ್ತದೆ. ಬಿಳಿ ಮೂಲಂಗಿ, ತೋಫು ಮಾತ್ರ ಕಾಣುತ್ತದೆ ಅಂತ ನಂಬಬೇಡಿ, ಕೇಳಿಯೇ ಬಾಯಿಗಿಡಿ. ಕಾಫಿಯನ್ನು ಸೊಸೆ ಕುಡಿದರು. ತಣ್ಣಗಾಗಿತ್ತು.

ಹತ್ತಕ್ಕೆ ಗುಡ್ಡ. ಸಮಾಧಿಗಳು ಊರ ಹಿಂದೆ ಪೈನ್ ಮರಗಳ ನಡುವೆ, ಹುಲ್ಲು ಹೊದ್ದ ದಿಬ್ಬಗಳು. ಹಬ್ಬಕ್ಕೆ ಎರಡು ವಾರ ಮೊದಲೇ ಗೆಳೆಯರು ಬಂದು ಹುಲ್ಲು ಸವರಿ ಹೋಗಿದ್ದರು, ಆದರೆ ಆ ಬಿಸಿಲಿಗೆ ಮತ್ತೆ ಮೊಣಕಾಲುದ್ದ ಎದ್ದಿತ್ತು. ಪೆಟ್ರೋಲ್ ಕಟರ್ ಹೆಗಲಿಗೆ ಹಾಕಿಕೊಂಡು ಹೋದವರು ಐದು ನಿಮಿಷದಲ್ಲಿ ಕೂಗಿಕೊಂಡು ಓಡಿಬಂದರು. ಕಣಜದ ಗೂಡು. ಸೆಪ್ಟೆಂಬರ್‌ನಲ್ಲಿ ಸಮಾಧಿ ಹುಲ್ಲು ಕೊಯ್ಯುವವರಿಗೆ ಕಣಜದ್ದೇ ದೊಡ್ಡ ಕಾಟ. ಭಾವನ ಕಿವಿ ಮಾತ್ರ ಸಿಕ್ಕಿಬಿತ್ತು, ಸಂಜೆವರೆಗೂ ಕೆಂಪಗೆ ಊದಿಕೊಂಡಿತ್ತು. ಆ ದಿಬ್ಬವನ್ನು ಬಿಟ್ಟು ಉಳಿದದ್ದಕ್ಕೆ ಕುಡುಗೋಲು ಹಿಡಿದರು. ಅಂಥ ಕಡೆ ಹೋಗುವುದಿದ್ದರೆ ಉದ್ದ ಪ್ಯಾಂಟು ಹಾಕಿಕೊಳ್ಳಿ, ಉಣ್ಣೆ ಹುಳ ಹತ್ತದಂತೆ ಸ್ಪ್ರೇ ಹೊಡೆದುಕೊಳ್ಳಿ.

ಪ್ರತಿ ದಿಬ್ಬದ ಮುಂದೆ ಒಣ ಮೀನು, ಹಣ್ಣು, ಒಂದು ಬಟ್ಟಲು ಮದ್ಯ. ಎರಡು ನಮಸ್ಕಾರ. ಮದ್ಯವನ್ನು ಹುಲ್ಲಿಗೆ ಸುರಿದು, ಉಳಿದದ್ದನ್ನೆಲ್ಲ ವಾಪಸ್ ಚೀಲಕ್ಕೆ ತುಂಬಿದರು. ಸ್ವಲ್ಪ ಬಿಟ್ಟು ಹೋಗಬಾರದಾ ಅಂದೆ. ಗೆಳೆಯರು ಪಕ್ಕದ ದಿಬ್ಬ ತೋರಿಸಿದರು, ಅರ್ಧ ಕಿತ್ತುಹೋಗಿತ್ತು. ಊಟದ ವಾಸನೆಗೆ ಕಾಡುಹಂದಿ ಬಂದು ಸಮಾಧಿಯನ್ನೇ ಅಗೆಯುತ್ತವೆ.

ಮಧ್ಯಾಹ್ನ ಗೆಳೆಯರ ಸಂಸಾರ ಸೊಸೆಯ ತವರು ದೇಗುಗೆ ಹೊರಟಿತು. ನಾವು ಆಂಡೊಂಗ್ ಪೇಟೆಯಲ್ಲಿ ರೂಮು ಮಾಡಿಕೊಂಡೆವು. ರಾತ್ರಿ ವೊಲ್ಯೊಂಗ್‌ಗ್ಯೊ ಸೇತುವೆ. 2003ರಲ್ಲಿ ಕಟ್ಟಿದ 387 ಮೀಟರ್ ಉದ್ದದ ಮರದ ನಡೆದಾರಿ. ಹುಣ್ಣಿಮೆ ನೋಡಲು ಊರೇ ಬಂದಿತ್ತು, ಚಂದ್ರ ಮಾತ್ರ ಮೋಡದಲ್ಲಿ ಬರುವುದು ಹೋಗುವುದು ಮಾಡುತ್ತಿದ್ದ. ಈ ಸೇತುವೆಯ ಹಿಂದೆ ಒಂದು ಕಥೆ ಇದೆ. 1998ರಲ್ಲಿ ಇಲ್ಲಿ ಒಂದು ಹಳೆಯ ಸಮಾಧಿ ಸ್ಥಳಾಂತರ ಮಾಡುವಾಗ ಯಿ ಉಂಗ್‌ತೆ ಅನ್ನುವವನ ಶವದ ಜೊತೆ ಹೆಂಡತಿ ಬರೆದ ಕಾಗದ ಸಿಕ್ಕಿತು. 1586ರದ್ದು. ನನ್ನನ್ನು ಬಿಟ್ಟು ಹೇಗೆ ಹೋದೆ, ಕನಸಿಗಾದರೂ ಬಂದು ಮಾತಾಡು ಅಂತ. ಜೊತೆಗೆ ತನ್ನ ಕೂದಲು ಸೇರಿಸಿ ಹೆಣೆದ ಒಂದು ಜೊತೆ ಚಪ್ಪಲಿ. ಸೇತುವೆಯ ಆಕಾರಕ್ಕೆ ಆ ಚಪ್ಪಲಿಯೇ ಪ್ರೇರಣೆ.

ಸೇತುವೆ ಎದುರಿಗೆ ಹೊತ್‌ಜೆಸಾಬಾಪ್ ಹೋಟೆಲುಗಳು. ತಿಥಿ ಇಲ್ಲದೆಯೇ ತಿಥಿಯೂಟ ಅಂತ ಅರ್ಥ. ಹಿಂದೆ ಇಲ್ಲಿನ ಗುರುಕುಲಗಳಲ್ಲಿ ಓದುತ್ತಿದ್ದ ಪಂಡಿತರು ರಾತ್ರಿ ಹಸಿವಾದಾಗ ಸುಳ್ಳು ತಿಥಿ ಹೂಡಿ ಊಟ ಮಾಡಿಸಿಕೊಳ್ಳುತ್ತಿದ್ದರು ಅಂತ ಊರವರು ಹೇಳುತ್ತಾರೆ. ಹಿತ್ತಾಳೆ ಬಟ್ಟಲಲ್ಲಿ ಪಲ್ಯಗಳು, ಬೇರೆ ಅನ್ನ, ತಟ್ಟೆಯಲ್ಲಿ ಜೊನ್, ಉಪ್ಪು ಹಾಕಿದ ಮೀನಿನ ತುಂಡು. ಎಲ್ಲ ಕಲಸಿ ತಿನ್ನಬೇಕು, ಆದರೆ ಕೆಂಪು ಮೆಣಸಿನ ಪೇಸ್ಟ್ ಕೊಡುವುದಿಲ್ಲ, ಸೋಯಾ ಸಾಸ್ ಮಾತ್ರ. ಹಬ್ಬದ ದಿನವೂ ಒಂದೆರಡು ತೆರೆದಿದ್ದವು. ನಿಜವಾದ ಮೇಜಿನಿಂದ ಎದ್ದು ಬಂದವರಿಗೆ ಇದು ತುಂಬ ಅಚ್ಚುಕಟ್ಟು ಅನ್ನಿಸಿತು. ಕೊನೆಗೆ ಕೊಟ್ಟ ಆಂಡೊಂಗ್ ಶಿಖೆ ಮಾತ್ರ ಮರೆಯುವ ಹಾಗಿಲ್ಲ: ಅನ್ನ, ಮೂಲಂಗಿ, ಶುಂಠಿ, ಮೆಣಸಿನಪುಡಿ ಹಾಕಿ ಹುಳಿಸಿದ ತಣ್ಣನೆ ಕೆಂಪು ಪಾನಕ. ಭಾವ ಎರಡು ಲೋಟ ಕುಡಿದರು. ಅಕ್ಕ ಒಂದು ಗುಟುಕಿಗೆ ಲೋಟ ನನ್ನ ಕಡೆ ತಳ್ಳಿದಳು.

ಬುಧವಾರ

ಬಸ್ಸು, ಟ್ರಾಫಿಕ್ಕು, ನಿದ್ದೆ. ಅಜ್ಜಿ ಕಟ್ಟಿಕೊಟ್ಟ ಜೊನ್ ಡಬ್ಬಿ ಮಡಿಲಲ್ಲಿ. ಮಿಕ್ಕ ಜೊನ್‌ಗಳನ್ನು ಖಾರದ ಸಾರಿನಲ್ಲಿ ಹಾಕಿ ಕುದಿಸುವುದು ಅಲ್ಲಿನ ಪದ್ಧತಿ. ರಾತ್ರಿ ಅಕ್ಕ ಕೋಸಿನದಕ್ಕೆ ಮನೆಯ ಸಾರಿನಪುಡಿ ಹಾಕಿ ಅದನ್ನೇ ಮಾಡಿದಳು. ಪರವಾಗಿಲ್ಲ.

ಗುರುವಾರ, ಇಮ್‌ಜಿನ್‌ಗಾಕ್

ಭಾವ ಕೆಲಸಕ್ಕೆ ಹೋದರು. ನಾನು, ಅಕ್ಕ ಮೆಟ್ರೋ ಹಿಡಿದು ಮುನ್‌ಸಾನ್‌ವರೆಗೆ ಹೋಗಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಇಮ್‌ಜಿನ್‌ಗಾಕ್ ಸೇರಿದೆವು. ಉತ್ತರ ಕೊರಿಯಾದ ಗಡಿ ಇಲ್ಲಿಂದ ಹತ್ತಿರ. ಆ ತಿಂಗಳು ಉತ್ತರದಿಂದ ಕಸ ಕಟ್ಟಿದ ಬಲೂನುಗಳು ಬರುತ್ತಿದ್ದವು, ಹಬ್ಬದ ವಾರದಲ್ಲೂ ಅಕ್ಕನ ಫೋನು ಎಚ್ಚರಿಕೆಯ ಸದ್ದು ಮಾಡಿತ್ತು.

ಇಲ್ಲಿ ಮಾಂಗ್‌ಬೆದಾನ್ ಅನ್ನುವ ಕಲ್ಲಿನ ಕಟ್ಟೆ ಇದೆ, 1985ರಲ್ಲಿ ಕಟ್ಟಿದ್ದು. ಕೊರಿಯಾ ಯುದ್ಧದಲ್ಲಿ ಉತ್ತರದಿಂದ ಬಂದು, ಹುಟ್ಟೂರಿಗೆ ವಾಪಸ್ ಹೋಗಲಾಗದವರು ಹಬ್ಬದ ದಿನ ಇಲ್ಲಿ ಬಂದು ಉತ್ತರದ ಕಡೆ ಮುಖ ಮಾಡಿ ಊಟ ಇಡುತ್ತಾರೆ. ಅವರಿಗೆ ಗುಡ್ಡ ಇಲ್ಲ, ದಿಬ್ಬ ಇಲ್ಲ. ಎಷ್ಟೋ ಜನಕ್ಕೆ ಅಪ್ಪ ಅಮ್ಮ ಸತ್ತ ದಿನವೂ ಗೊತ್ತಿಲ್ಲ. ಹಬ್ಬದ ದಿನ ಜನ ತುಂಬಿರುತ್ತಾರೆ. ನಾವು ಹೋದಾಗ ಹಬ್ಬ ಕಳೆದಿತ್ತು, ಬಿಸಿಲು ಕಳೆದಿರಲಿಲ್ಲ. ಒಬ್ಬ ಮುದುಕರು, ಕಾಲೇಜು ಹುಡುಗಿಯೊಬ್ಬಳು ಮಾತ್ರ ಇದ್ದರು.

ಅವರದು ಮಡಿಸುವ ಪುಟ್ಟ ಮೇಜು. ಒಂದು ಸೇಬು, ಒಂದು ಪೇರ್, ಒಣ ಮೀನು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಅಂಗಡಿಯ ಸೊಂಗ್‌ಪ್ಯೊನ್. ಮೊಮ್ಮಗಳಿಗೆ ಇಂಗ್ಲಿಷ್ ಬರುತ್ತಿತ್ತು. ಅಜ್ಜ ಹ್ವಾಂಗ್‌ಹೆ ಪ್ರಾಂತ್ಯದವರು, ಆರೇಳು ವರ್ಷದವರಿದ್ದಾಗ ಚಿಕ್ಕಪ್ಪನ ಜೊತೆ ಬಂದವರು. ಹಬ್ಬದ ದಿನ ಇಲ್ಲಿ ಭಾಷಣ ಮಾಡುವವರು ಜಾಸ್ತಿ, ಅದಕ್ಕೇ ಎರಡು ದಿನ ಬಿಟ್ಟು ಬರುತ್ತಾರಂತೆ. "ನಮ್ಮಮ್ಮನಿಗೆ ಗದ್ದಲ ಆಗ್ತಿರ್ಲಿಲ್ಲ."

ಎರಡು ನಮಸ್ಕಾರ ಮಾಡಿ ಎದ್ದವರು ಸೊಂಗ್‌ಪ್ಯೊನ್ ಪೆಟ್ಟಿಗೆ ಎತ್ತಿಕೊಂಡು ನೇರ ನಮ್ಮ ಹತ್ತಿರ ಬಂದರು. ಎಲ್ಲಿಯವರು ಅಂತ ಕೇಳುವ ಮೊದಲೇ ನನ್ನ ಕೈಗೆ ನಾಲ್ಕು ಹಾಕಿದರು. ಒಂದು ಸಾಕು ಅಂದೆ. ಅವರಿಗೆ ಸಿಟ್ಟು ಬಂತು. ಇವು ಸಿಯೋಲ್ ಕಡೆಯವು, ಒಂದು ತುತ್ತಿನವು, ಇವನ್ನು ಸೊಂಗ್‌ಪ್ಯೊನ್ ಅನ್ನುವುದಕ್ಕೇ ನಾಚಿಕೆ ಅಂತ ಶುರುಮಾಡಿದರು. ಅವರ ಊರಲ್ಲಿ ಅಂಗೈ ತುಂಬ ಮಾಡುತ್ತಿದ್ದರಂತೆ, ಮೇಲೆ ಬೆರಳಚ್ಚು ಮೂಡುವಂತೆ ಒತ್ತಿ. ಕೈ ಅಗಲಿಸಿ ಗಾತ್ರ ತೋರಿಸಿದರು. ಮೊಮ್ಮಗಳು ಅವರ ಬೆನ್ನ ಹಿಂದಿನಿಂದ, ವರ್ಷದಿಂದ ವರ್ಷಕ್ಕೆ ಆ ಗಾತ್ರ ದೊಡ್ಡದಾಗುತ್ತಿದೆ ಅಂತ ನಮಗೆ ಸನ್ನೆ ಮಾಡಿದಳು.

"ಅಮ್ಮನ ಒಂದಕ್ಕೆ ಇವು ನಾಲ್ಕು. ತಿನ್ನಿ" ಅಂದರು.

ತಿಂದೆವು. ಅಕ್ಕನಿಗೆ ಬಂದಿದ್ದು ಐದು.